ಕೆರಿ ಅಂಗಳಕ್ಕ ಬರೋ ಕಸದ ಟ್ರ್ಯಾಕ್ಟರ್ ನಿಲ್ಲಸ್ರಿ ಸರ್: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಶಾಸಕರಿಗೆ ನಮಸ್ಕಾರ್ರಿ,

ನಾನು ಕೊಪ್ಪಳದಾಗ ಡಿಗ್ರಿ ಓದಾಕತ್ತೀನಿ, ಎನ್‌ಎಸ್‌ಎಸ್ ವಾಲಂಟಿಯರ್. ಫೆಬ್ರವರಿ 2 ವಿಶ್ವ ಜೌಗುಭೂಮಿ ದಿನ ಅಂತ ಕಾಲೇಜಿನ್ಯಾಗ ಪೋಸ್ಟರ್ ಮಾಡಿದ್ವಿ, ಅಷ್ಟಕ್ಕ ಸುಮ್ನಾಗೋದು ಬ್ಯಾಡ ಅಂತ ಹನ್ನೊಂದು ಮಂದಿ ಕೂಡಿ ಭಾನುವಾರಕ್ಕೊಮ್ಮೆ ನಮ್ಮೂರ ಕೆರಿ ಸುತ್ತಲಿನ ಓಣಿಗೆ ಮನಿ ಮನಿ ತಿರುಗಾಕ ಹತ್ತಿದ್ವಿ. ಜೌಗುಭೂಮಿ ಅಂದ್ರ ಯಾರಿಗೂ ತಿಳೀಲಿಲ್ಲ ಸರ್. ಕೆರಿ ಅಂಗಳದಾಗ ಆಪು ಹುಲ್ಲು ಬೆಳಿತೈತಲ್ಲ, ಆ ಹಸಿ ಜಾಗ ಅಂದಕೂಡ್ಲೆ ಎಲ್ಲಾರೂ ಮಾತಾಡಾಕ ಶುರು ಮಾಡಿದ್ರು. ಒಬ್ಬ ಅಜ್ಜಿ ತಾನಾ ಎದ್ದು ನಮ್ಮನ್ನ ದಂಡಿಗೆ ಕರ್ಕೊಂಡು ಹೋದ್ಲು, ಕೆರಿ ತುಂಬಿದ ವರ್ಷ ಅವರ ಬಾವ್ಯಾಗ ಬಗ್ಗಿ ಕೊಡ ಅದ್ದಿದ್ರ ನೀರು ಸಿಗ್ತಿತ್ತಂತ, ಈಗ ಬೋರೂ ಬತ್ತೈತಿ.

ಆಕಿ ಹೇಳ್ತಿರೋವಾಗನ ಕಸದ ಟ್ರ್ಯಾಕ್ಟರ್ ಬಂತು. ನಾವು ನೋಡ್ತಾ ನಿಂತಂಗನ ಟ್ರೇಲರ್ ಎತ್ತಿ ಆಪಿನ ಮ್ಯಾಲೆ ಸುರುವಿ ಹೋದ, ಪ್ಲಾಸ್ಟಿಕ್ ಚೀಲ, ಕೋಳಿ ಪುಕ್ಕ, ಒಡೆದ ಟೈಲ್ಸ್. ಅಜ್ಜಿ ನನ್ನ ಕಡೆ ತಿರುಗಿ "ನನಗ ಹೇಳಾಕ ಬಂದೀಯಲ್ಲವ್ವ, ಅವಗ ಯಾರು ಹೇಳ್ತಾರ?" ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ, ಅದಕ್ಕ ನಿಮ್ಮನ್ನ ಕೇಳಾಕತ್ತೀನಿ.

ಮಂದಿಗೆ ಅರಿವಿಲ್ಲ ಅನ್ನೋದನ್ನ ನಾನು ಒಪ್ಪಂಗಿಲ್ಲ. 2019ರಾಗ ಗವಿಮಠದ ಸ್ವಾಮೀಜಿ ಮುಂದ ನಿಂತಾಗ ಹಿರೇಹಳ್ಳ ಸ್ವಚ್ಛ ಮಾಡಾಕ ಇಳಿದೋರು ಇದೇ ಕೊಪ್ಪಳದ ಮಂದಿ ಅಲ್ಲೇನ್ರಿ? ಮಗ್ಗಲ ಗದಗ ಜಿಲ್ಲೆಯ ಮಾಗಡಿ ಕೆರಿ, ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ, ಎರಡೂ 2024ರಾಗ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದ್ವು, ಅವೂ ಮಂದಿ ಕಟ್ಟಿದ ಕೆರಿನ. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಚಳಿಗಾಲದಾಗ ಮಾಗಡಿಗೆ ಇಳಿತಾವು. ನಮ್ಮ ಕೆರಿಗೆ ಅಷ್ಟು ದೊಡ್ಡ ಹೆಸರು ಬ್ಯಾಡ ಸರ್. ಆದ್ರ ಆಪು ಹೂಳು ಹಿಡಿತೈತಿ, ಗಟಾರದ ನೀರು ಒಂದಿಷ್ಟು ಸೋಸ್ತೈತಿ, ಮಳಿ ನೀರು ನಿಧಾನಕ್ಕ ನೆಲಕ್ಕ ಇಳಿಯಾಕ ಬಿಡ್ತೈತಿ. ಅದರ ಮ್ಯಾಲೆ ಕಸ ಹಾಕಿ ಎತ್ತರ ಮಾಡಿದ್ರ ಜೋರು ಮಳ್ಯಾಗ ಆ ನೀರು ಓಣ್ಯಾಗಿನ ಮನಿಗೇ ನುಗ್ಗೋದು. ಈಗಾಗ್ಲೇ ಒಂದು ಕಡೆ ಬಳ್ಳಾರಿ ಜಾಲಿ ಬೆಳೆದು ಕೆರಿ ಎಲ್ಲಿಗೆ ಮುಗಿತೈತಿ ಅನ್ನೋದ ಗೊತ್ತಾಗಂಗಿಲ್ಲ.

ಮಳೆಗಾಲ ಶುರುವಾಗೋದ್ರೊಳಗ ಸರ್ವೆ ಮಾಡಿಸಿ ಹದ್ದಿನ ಕಲ್ಲು ಹಾಕಸ್ರಿ, ಕಸಕ್ಕ ಬ್ಯಾರೆ ಜಾಗ ಕೊಡಸ್ರಿ. ಎಲ್ಲಾರಿಗೂ ಕೇಳಂಗ ನೀವು ಒಂದು ಮಾತು ಹೇಳಿದ್ರ ಆ ಟ್ರ್ಯಾಕ್ಟರ್ ನಾಳೇನ ನಿಲ್ತೈತಿ, ನಾವು ನೂರು ಮನಿ ತಿರುಗಿದ್ರೂ ನಿಲ್ಲಂಗಿಲ್ಲ.

ಬರೋ ಭಾನುವಾರನೂ ಮುಂಜಾನಿ 7ಕ್ಕ ಅಲ್ಲೇ ಇರ್ತೀವಿ. ನೀವು ಬರ್ರಿ ಸರ್, ಮೊದ್ಲು ಅಜ್ಜಿ ಮನಿಗೇ ಹೋಗೋಣು.

ಇಂತಿ,
ನಮ್ಮ ಹನ್ನೊಂದು ಮಂದಿ ಪರವಾಗಿ, ಎನ್‌ಎಸ್‌ಎಸ್ ವಿದ್ಯಾರ್ಥಿನಿ