ಮುದ್ರಣ ಮತ್ತು ಇ-ಪುಸ್ತಕ ಆವೃತ್ತಿಗಳ ಪುಟವಿನ್ಯಾಸದಲ್ಲಿನ ಲೋಪಗಳ ಕುರಿತು ದೂರು

ಇವರಿಂದ:
ಲೇಖಕ ಮತ್ತು ಪ್ರಕಾಶಕ,
ಚಿತ್ರದುರ್ಗ

ಇವರಿಗೆ:
ವ್ಯವಸ್ಥಾಪಕರು,
ಪುಸ್ತಕ ವಿನ್ಯಾಸ ಮತ್ತು ಇ-ಪುಸ್ತಕ ಸೇವಾ ವಿಭಾಗ,
ಬೆಂಗಳೂರು

ಮಾನ್ಯರೇ,

ವಿಷಯ: ಚಿತ್ರದುರ್ಗ ಜಿಲ್ಲೆಯ ಕೆರೆಗಳನ್ನು ಕುರಿತ ನನ್ನ ಪುಸ್ತಕದ ಎರಡೂ ಆವೃತ್ತಿಗಳನ್ನು ಸರಿಪಡಿಸಿಕೊಡುವ ಬಗ್ಗೆ, ಇಲ್ಲವಾದಲ್ಲಿ ಹಣ ಹಿಂದಿರುಗಿಸುವ ಬಗ್ಗೆ.

ಸಣ್ಣ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡಿ ನಿವೃತ್ತನಾದ ನಾನು, ಸೇವೆಯಲ್ಲಿದ್ದಾಗ ಅಳೆದ ಕೆರೆಗಳ ಬಗ್ಗೆ ಬರೆದ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಪ್ರಕಟಿಸಲು ನಿರ್ಧರಿಸಿ, ಅದರ ಪುಟವಿನ್ಯಾಸವನ್ನು ಕಳೆದ ಮಾರ್ಚ್ ತಿಂಗಳಿನಲ್ಲಿ ತಮ್ಮ ಸಂಸ್ಥೆಗೆ ಒಪ್ಪಿಸಿದ್ದೆನು. ಮುದ್ರಣ ಆವೃತ್ತಿಗೆ ರೂ. 14,000, ಇ-ಪುಸ್ತಕಕ್ಕೆ ರೂ. 9,500, ಮುಖಪುಟಕ್ಕೆ ರೂ. 3,500 ಮತ್ತು ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಬಾಬ್ತು ರೂ. 1,500, ಒಟ್ಟು ರೂ. 28,500ನ್ನು ಎರಡು ಕಂತುಗಳಲ್ಲಿ ಪೂರ್ತಿಯಾಗಿ ಪಾವತಿಸಿದ್ದೇನೆ. ಜೂನ್ ಮೊದಲ ವಾರದಲ್ಲಿ ತಾವು ಕಳುಹಿಸಿದ ಅಂತಿಮ ಫೈಲುಗಳಲ್ಲಿ ಮುದ್ರಣದ್ದನ್ನು ದಾವಣಗೆರೆಯ ಮುದ್ರಣಾಲಯದವರು ಅಚ್ಚಿಗೆ ಹತ್ತಿಸಲು ಒಪ್ಪಲಿಲ್ಲ. ಇ-ಪುಸ್ತಕವನ್ನು ನಾನೇ ಮೊಬೈಲಿನಲ್ಲಿ ತೆರೆದು ನೋಡಿ, ಯಾರಿಗೂ ಕಳುಹಿಸುವ ಧೈರ್ಯ ಮಾಡಲಿಲ್ಲ.

ಮೊದಲು ಇ-ಪುಸ್ತಕದ ವಿಷಯವನ್ನೇ ಹೇಳುತ್ತೇನೆ. ಹಿರಿಯೂರಿನಲ್ಲಿರುವ ನನ್ನ ಅಣ್ಣನವರಿಗೆ ಕಣ್ಣು ಮಂದವಾಗಿದ್ದು, ಅಚ್ಚಿನ ಪುಸ್ತಕ ಹಿಡಿಯುವುದನ್ನು ಬಿಟ್ಟು ವರ್ಷಗಳಾದವು. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾರೆ, ಆಯಾಸವಾದಾಗ ಫೋನಿನಿಂದಲೇ ಓದಿಸಿ ಕೇಳುತ್ತಾರೆ. ಇ-ಪುಸ್ತಕ ಬೇಕೆಂದು ನಾನು ಹಟ ಹಿಡಿದದ್ದು ಬಹುಮಟ್ಟಿಗೆ ಅವರಿಗಾಗಿ. ಇಪಬ್ ಎಂಬ ಈ ಬಗೆಯ ಫೈಲಿನ ಗುಣವೇ ಅದು: ಅದರಲ್ಲಿ ಅಚ್ಚಿನ ಪುಸ್ತಕದಂತೆ ಪುಟ ಕಟ್ಟಿಟ್ಟಿರುವುದಿಲ್ಲ, ಓದುವವರು ಅಕ್ಷರ ಹಿಗ್ಗಿಸಿದಂತೆ ಸಾಲುಗಳು ಪರದೆಯ ಅಗಲಕ್ಕೆ ತಾವೇ ಹೊಂದಿಕೊಳ್ಳುತ್ತವೆ. ತಮ್ಮ ಸಂಸ್ಥೆ ಕೊಟ್ಟ ಫೈಲಿನಲ್ಲಿ ಈ ಗುಣ ಸತ್ತುಹೋಗಿದೆ. ಮುದ್ರಣಕ್ಕಾಗಿ ಮಾಡಿದ ಪಿಡಿಎಫ್ ಫೈಲನ್ನೇ ಯಾವುದೋ ಪರಿವರ್ತಕಕ್ಕೆ ಹಾಕಿ ಇಪಬ್ ತೆಗೆದಿರುವುದರಿಂದ ಅಚ್ಚಿನ ಪುಟದ ಪ್ರತಿ ಸಾಲಿನ ಕೊನೆಯೂ ಇಲ್ಲಿ ಗಟ್ಟಿಯಾಗಿ ಕೂತಿದೆ. ಅಕ್ಷರ ಸ್ವಲ್ಪ ಹಿಗ್ಗಿಸಿದರೂ ಒಂದು ಸಾಲು ಪೂರ್ತಿ, ಮುಂದಿನ ಸಾಲಿನಲ್ಲಿ ಎರಡೇ ಪದ, ಮತ್ತೆ ಪೂರ್ತಿ ಸಾಲು, ಹೀಗೆ ಪುಸ್ತಕದುದ್ದಕ್ಕೂ ಕುಂಟುತ್ತದೆ. ಪುಟದ ತಲೆಯ ಮೇಲಿನ ಅಧ್ಯಾಯದ ಹೆಸರೂ ಕೆಳಗಿನ ಪುಟಸಂಖ್ಯೆಯೂ ವಾಕ್ಯದ ನಡುವೆ ಬಂದು ನಿಂತಿವೆ. “ಕೋಡಿ ಬಿದ್ದ ನೀರು 117 ತೂಬು ಮತ್ತು ಕೋಡಿ ಹಳ್ಳ ಸೇರುತ್ತದೆ” ಎಂಬ ಸಾಲನ್ನು (117 ಎಂಬುದು ಪುಟಸಂಖ್ಯೆ, ‘ತೂಬು ಮತ್ತು ಕೋಡಿ’ ಅಧ್ಯಾಯದ ಹೆಸರು) ಓದಿದವರು, 117 ತೂಬುಗಳ ಕೆರೆ ಯಾವುದಪ್ಪಾ ಎಂದು ನನ್ನನ್ನು ಕೇಳಿದರೆ ನಾನು ಏನು ಉತ್ತರ ಕೊಡಲಿ? ಅಡಿಟಿಪ್ಪಣಿಗಳನ್ನು ಸಂಖ್ಯೆಯ ಮೇಲೆ ಬೆರಳಿಟ್ಟರೆ ತೆರೆಯುವಂತೆ ಜೋಡಿಸುವುದಾಗಿ ತಮ್ಮ ದರಪಟ್ಟಿಯಲ್ಲೇ ಬರೆದಿತ್ತು. ಅವೂ ಹಾಗೆಯೇ ನಡುವಾಕ್ಯದಲ್ಲಿ ಬಿದ್ದಿವೆ. ಪರಿವಿಡಿಯಲ್ಲಿ ಅಚ್ಚಿನ ಪುಟಸಂಖ್ಯೆಗಳಿವೆಯೇ ಹೊರತು ಒಂದು ಅಧ್ಯಾಯಕ್ಕೂ ಕೊಂಡಿಯಿಲ್ಲ.

ಇದಕ್ಕಿಂತ ದೊಡ್ಡ ಲೋಪ ಅಕ್ಷರಗಳದ್ದು. ನನ್ನ ಹಸ್ತಪ್ರತಿಯ ಬಹುಭಾಗ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿದೆ, ಶಾಸನಪಾಠಗಳು ಮಾತ್ರ ಎಲ್ಲ ಸಾಧನಗಳಲ್ಲೂ ಒಂದೇ ಬಗೆಯಾಗಿ ಓದಬರುವ ಯೂನಿಕೋಡ್ ಸಂಕೇತದಲ್ಲಿವೆ ಎಂದು ಹಸ್ತಪ್ರತಿಯ ಜೊತೆಗಿನ ಪತ್ರದಲ್ಲಿ ಸ್ಪಷ್ಟವಾಗಿ ತಿಳಿಸಿದ್ದೆನು. ಹಳೆಯ ನುಡಿ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ದಾಖಲಾಗಿರುತ್ತದೆ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವಂತೆ ‘ರ್’ ಮೊದಲು ಬರಬೇಕು. ಈ ಅದಲುಬದಲನ್ನು ಸರಿಯಾಗಿ ಮಾಡದ ಪರಿವರ್ತಕವನ್ನು ಬಳಸಿದ ಕಾರಣ ‘ಚಿತ್ರದುರ್ಗ’ ಎಂಬ ಪದವು ‘ಚಿತ್ರದುಗ’ ಎಂದಾಗಿ, ಅದರ ಬಾಲಕ್ಕೆ ಯಾವುದೋ ಪರಭಾಷೆಯ ಅಕ್ಷರವೊಂದು ಅಂಟಿಕೊಂಡಿದೆ. ನಾನು ಕುಳಿತು ಎಣಿಸಿದ್ದೇನೆ: 212 ಕಡೆ. ಊರಿನ ಬಗ್ಗೆ ಬರೆದ ಪುಸ್ತಕದಲ್ಲಿ ಊರಿನ ಹೆಸರೇ ಒಂದು ಕಡೆಯೂ ನೆಟ್ಟಗಿಲ್ಲ. ‘ಎಂಜಿನಿಯರ್‌ಗಳು’ ಎಂಬಲ್ಲಿ ‘ರ್’ ಬಿಡಿಯಾಗಿ ನಿಲ್ಲಲು ಕಣ್ಣಿಗೆ ಕಾಣದ ಒಂದು ತಡೆಚಿಹ್ನೆಯನ್ನು ನಡುವೆ ಇಡಬೇಕಾಗುತ್ತದೆ. ಅದಿಲ್ಲದೆ ‘ಎಂಜಿನಿಯರ್ಗಳು’ ಎಂದು ಅರ್ಕಾವತ್ತು ಏರಿಸಿಕೊಂಡಿದೆ, ‘ಕ್ಯೂಸೆಕ್‌ಗಳು’ ಎಂಬುದು ‘ಕ್ಯೂಸೆಕ್ಗಳು’ ಆಗಿದೆ. ಕನ್ನಡ ಓದಬಲ್ಲ ಒಬ್ಬರು ಒಂದು ಪುಟದ ಮೇಲೆ ಕಣ್ಣಾಡಿಸಿದ್ದರೂ ಇವು ಗೊತ್ತಾಗುತ್ತಿದ್ದವು.

ಕೋಷ್ಟಕಗಳಿಗಂತೂ ಪರಿವರ್ತಕವನ್ನು ಹಾಕಿದಂತೆಯೇ ಕಾಣುವುದಿಲ್ಲ. ಅಲ್ಲಿ ಹಳೆಯ ಫಾಂಟನ್ನೇ ಒಳಗೆ ತುಂಬಿರುವುದರಿಂದ ನೋಡಲು ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ‘ತೂಬು’ ಎಂದು ಹುಡುಕಿದರೆ ಕೋಷ್ಟಕದ ಒಂದು ತೂಬೂ ಸಿಗುವುದಿಲ್ಲ. ಅಣ್ಣನವರ ಫೋನು ಆ ಭಾಗಕ್ಕೆ ಬಂದಾಗ ಅರ್ಥವಿಲ್ಲದ ಅಕ್ಷರಗಳನ್ನು ಒಂದೊಂದಾಗಿ ಒದರಲು ಶುರುಮಾಡಿತು, ಅವರು ಅದನ್ನು ಆರಿಸಿ ಪಕ್ಕಕ್ಕಿಟ್ಟರು.

ಇನ್ನು ಶಾಸನಪಾಠಗಳ ಸಂಗತಿ. ಹಳಗನ್ನಡದಲ್ಲಿ ಕೆರೆಯನ್ನು ‘ಕೆಱೆ’ ಎಂದು ಬರೆಯುತ್ತಿದ್ದರು. ಈ ‘ಱ’ ಮತ್ತು ‘ೞ’ ಅಕ್ಷರಗಳು ಇಂದು ಬಳಕೆಯಲ್ಲಿಲ್ಲದಿದ್ದರೂ ಯೂನಿಕೋಡಿನ ಕನ್ನಡ ವಿಭಾಗದಲ್ಲಿ ಎರಡಕ್ಕೂ ತಮ್ಮದೇ ಸ್ಥಾನಗಳಿವೆ. ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಸಂಗ್ರಹದ 11ನೇ ಸಂಪುಟದಲ್ಲಿರುವ ನಮ್ಮ ಜಿಲ್ಲೆಯ ಶಾಸನಗಳಿಂದ ಕೆರೆ ಕಟ್ಟಿಸಿದವರಿಗೆ ಕೊಟ್ಟ ಕಟ್ಟುಕೊಡಗೆ ಎಂಬ ಭೂಮಿಯ ಕೊಡುಗೆಯ ಉಲ್ಲೇಖಗಳನ್ನು ಆಯ್ದು, ಒಂದೊಂದು ಅಕ್ಷರವನ್ನೂ ತಾಳೆ ನೋಡಿ ಟೈಪು ಮಾಡಿದ್ದೆನು. ತಾವು ಆ ಭಾಗಕ್ಕೆ ಆರಿಸಿದ ಫಾಂಟಿನಲ್ಲಿ ಈ ಎರಡು ಅಕ್ಷರಗಳು ಇಲ್ಲದ ಕಾರಣ ಎರಡೂ ಆವೃತ್ತಿಗಳಲ್ಲಿ ಅವುಗಳ ಜಾಗದಲ್ಲಿ ಖಾಲಿ ಚೌಕಗಳು ಬಂದಿವೆ. ಕೆರೆಯ ಪುಸ್ತಕದಲ್ಲಿ ಕೆಱೆಯೇ ಬತ್ತಿಹೋಗಿದೆ ಎನ್ನಬೇಕು. ಈ ಅಕ್ಷರಗಳಿರುವ ಫಾಂಟುಗಳು ಉಚಿತವಾಗಿಯೇ ಸಿಗುತ್ತವೆ, ಅವುಗಳಲ್ಲೊಂದನ್ನು ನಾನು ಹಸ್ತಪ್ರತಿಯ ಜೊತೆಗೇ ಕಳುಹಿಸಿದ್ದೆನು.

ಮುದ್ರಣದ ಫೈಲಿನ ಬಗ್ಗೆ ದಾವಣಗೆರೆಯ ಮುದ್ರಕರು ಗುರುತು ಮಾಡಿಕೊಟ್ಟ ಪ್ರೂಫಿನ ಪ್ರತಿಯನ್ನು ಲಗತ್ತಿಸಿರುವುದರಿಂದ ಎಲ್ಲವನ್ನೂ ಇಲ್ಲಿ ಮತ್ತೆ ಬರೆಯುವುದಿಲ್ಲ. ಮುಖ್ಯವಾದದ್ದು ಪುಟಗಳ ಲೆಕ್ಕ. ಡೆಮಿ 1/8 ಆಕಾರದಲ್ಲಿ, 16 ಪುಟಗಳ 13 ಫಾರಂಗಳಿಗೆ (ಫಾರಂ ಎಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಸರಿಹೊಂದುವಂತೆ 208 ಪುಟಗಳೆಂದು ಮಾತಾಗಿತ್ತು. ತಾವು ಕೊಟ್ಟದ್ದು 213 ಪುಟ. ಐದು ಪುಟಗಳಿಗಾಗಿ ಹದಿನಾಲ್ಕನೆಯ ಫಾರಂ ಹಾಕಿ, ಉಳಿದ 11 ಪುಟಗಳನ್ನು ಖಾಲಿ ಬಿಡಬೇಕಾಗುತ್ತದೆ. ಕಾಗದದ ಖರ್ಚು ಒಂದು ಕಡೆಯಾದರೆ, 208 ಪುಟಗಳಿಗೆಂದು ಅಳೆದ ಮುಖಪುಟದ ಬೆನ್ನಿನ ಅಗಲವೂ ಹೊಂದುವುದಿಲ್ಲ. ಬೈಂಡಿಂಗ್ ಕಡೆಯ ಅಂಚು ಎಡಪುಟಕ್ಕೂ ಬಲಪುಟಕ್ಕೂ ಒಂದೇ ಬದಿಯಲ್ಲಿರುವುದರಿಂದ ಅರ್ಧದಷ್ಟು ಪುಟಗಳಲ್ಲಿ ಸಾಲಿನ ಕೊನೆಯ ಅಕ್ಷರಗಳು ಹೊಲಿಗೆಯೊಳಗೆ ಸೇರಿಹೋಗುತ್ತವೆ. ಒಳಪುಟಗಳು ಕಪ್ಪು ಒಂದೇ ಬಣ್ಣದವಾದರೂ ಅಕ್ಷರಗಳನ್ನು ಪರದೆಗೆ ಬಳಸುವ ಬಣ್ಣಪದ್ಧತಿಯಲ್ಲಿ ಇಟ್ಟಿರುವುದರಿಂದ, ಹಾಗೆಯೇ ಅಚ್ಚಿಗೆ ಹಾಕಿದರೆ ಕಪ್ಪು ಅಕ್ಷರ ನಾಲ್ಕು ಪ್ಲೇಟುಗಳಿಗೆ ಹಂಚಿಹೋಗುತ್ತದೆ ಎಂದು ಮುದ್ರಕರು ತೋರಿಸಿದರು. ಫಾಂಟುಗಳನ್ನು ಪಿಡಿಎಫ್ ಒಳಗೆ ಸೇರಿಸದೆ ಕಳುಹಿಸಿದ ಪರಿಣಾಮವಾಗಿ ಅವರ ಕಂಪ್ಯೂಟರಿನಲ್ಲಿ ಮೊದಲ ಸಲ ತೆರೆದಾಗ ಕನ್ನಡವೇ ಕಾಣಲಿಲ್ಲ.

ಅಧ್ಯಾಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಅಲಂಕಾರವನ್ನು ನಾನು ಕೇಳಿರಲಿಲ್ಲ, ತಾವೇ ಮಾಡಿದ್ದೀರಿ. ಆದರೆ ‘ಸ್ಥಳೀಯರು’ ಎಂದು ಆರಂಭವಾಗುವ ಅಧ್ಯಾಯದಲ್ಲಿ ‘ಸ’ ಮಾತ್ರ ಮೂರು ಸಾಲಿನೆತ್ತರಕ್ಕೆ ಬೆಳೆದು, ಅದರ ಥಕಾರದ ಒತ್ತು ಸಣ್ಣದಾಗಿಯೇ ಉಳಿದು ಪಕ್ಕಕ್ಕೆ ಜಾರಿದೆ. ಕನ್ನಡದಲ್ಲಿ ಒತ್ತಕ್ಷರ ಸೇರಿದರೇ ಒಂದು ಅಕ್ಷರವೆಂಬುದು ಮೂರನೇ ತರಗತಿಯ ಮಗುವಿಗೂ ಗೊತ್ತು. ಎರಡೂ ಅಂಚು ಸಮ ಮಾಡಲು ಹೋಗಿ ಪದಗಳ ನಡುವೆ ಹೊಂಡಗಳು ಬಿದ್ದಿವೆ. ನನಗೆ ಹೊಂಡಗಳೆಂದರೆ ಪ್ರೀತಿ, ಆದರೆ ಅವು ನಮ್ಮ ಚಿತ್ರದುರ್ಗದ ಅಕ್ಕತಂಗಿ ಹೊಂಡ, ಸಿಹಿನೀರು ಹೊಂಡಗಳಂಥವಾಗಿದ್ದರೆ ಮಾತ್ರ.

ಚಿತ್ರಗಳ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದಿತು. ಕೋಟೆಯ ಮೇಲಿನ ಹೊಂಡಗಳಿಂದ ಊರೊಳಗಿನ ಹೊಂಡಗಳಿಗೆ ನೀರು ಇಳಿದುಬರುವ ದಾರಿಯ ನಕ್ಷೆಯನ್ನು ನಾನೇ ಕೈಯಲ್ಲಿ ಬರೆದು, ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿಸಿ ಕೊಟ್ಟಿದ್ದೆನು. ಅಚ್ಚಿಗೆ ಅಂಗುಲಕ್ಕೆ 300 ಚುಕ್ಕೆಯಾದರೂ ಬೇಕು. ತಮ್ಮ ಪಿಡಿಎಫ್‌ನಲ್ಲಿರುವುದು 72. ಅಂದರೆ ಮೊಬೈಲಿಗಾಗಿ ಕುಗ್ಗಿಸಿದ ಚಿತ್ರಗಳನ್ನೇ ಅಚ್ಚಿನ ಫೈಲಿಗೂ ಹಾಕಿದ್ದೀರಿ, ಅಚ್ಚಿಗಾಗಿ ಕಟ್ಟಿದ ಪುಟಗಳನ್ನೇ ಮೊಬೈಲಿಗೂ ಹಾಕಿದ್ದೀರಿ. ಎರಡು ಆವೃತ್ತಿಗಳೆಂದರೆ ಎರಡು ಬೇರೆ ಕೆಲಸಗಳು, ಅದಕ್ಕಾಗಿಯೇ ಬಿಲ್ಲಿನಲ್ಲಿ ಎರಡು ಬೇರೆ ಮೊತ್ತಗಳಿವೆ. ತಮ್ಮಲ್ಲಿ ನಡೆದದ್ದು ಒಂದೇ ಕೆಲಸ, ಅದೂ ತಲೆಕೆಳಗಾಗಿ.

ಈ ಬಗ್ಗೆ ನಾನು ಕಳುಹಿಸಿದ ಮೂರು ಇ-ಮೇಲ್‌ಗಳಿಗೆ ಬಂದ ಒಂದೇ ಉತ್ತರದಲ್ಲಿ, ಇ-ಪುಸ್ತಕವು ಇಪಬ್‌ಚೆಕ್ ತಪಾಸಣೆಯಲ್ಲಿ ದೋಷವಿಲ್ಲದೆ ತೇರ್ಗಡೆಯಾಗಿದೆ, ಮುದ್ರಣದ ಪ್ರೂಫನ್ನು ತಾವೇ ಒಪ್ಪಿದ್ದೀರಿ ಎಂದು ತಮ್ಮ ಸಿಬ್ಬಂದಿ ತಿಳಿಸಿದ್ದಾರೆ. ಇಪಬ್‌ಚೆಕ್ ನೋಡುವುದು ಫೈಲಿನ ಕಟ್ಟಡ ನಿಯಮದಂತೆ ಇದೆಯೇ ಎಂಬುದನ್ನು. ಒಳಗೆ ‘ಚಿತ್ರದುರ್ಗ’ ಎಂದಿದೆಯೋ ಇಲ್ಲವೋ ಎಂಬುದು ಅದರ ಗಣನೆಗೆ ಬರುವುದಿಲ್ಲ. ಅಳತೆ ಪುಸ್ತಕದಲ್ಲಿ ಏರಿಯ ಉದ್ದ, ಎತ್ತರ ಸರಿಯಾಗಿದೆಯೆಂದು ತೂಬು ಸೋರುತ್ತಿರುವ ಕೆರೆಯ ಬಿಲ್ಲಿಗೆ ನಾನೆಂದೂ ಸಹಿ ಹಾಕಿದವನಲ್ಲ. ಎರಡನೆಯ ಮಾತಿನಲ್ಲಿ ನನ್ನ ತಪ್ಪೂ ಸ್ವಲ್ಪ ಇದೆಯೆಂದು ಒಪ್ಪುತ್ತೇನೆ. ತಾವು ಕಳುಹಿಸಿದ ಮೊದಲ 32 ಪುಟಗಳನ್ನು ನಾನು ಮೊಬೈಲಿನಲ್ಲೇ ನೋಡಿ ಒಪ್ಪಿಗೆ ಬರೆದೆನು. ಕಾಗದದ ಮೇಲೆ ತೆಗೆಸಿ ನೋಡಿದ್ದರೆ ಅಂಚಿನ ದೋಷ ಅಂದೇ ಕಾಣುತ್ತಿತ್ತು. ಆದರೆ ಆ 32 ಪುಟಗಳಲ್ಲಿ ಶಾಸನಪಾಠವಾಗಲಿ ನಕ್ಷೆಯಾಗಲಿ ಒಂದೂ ಇರಲಿಲ್ಲ, ಉಳಿದ ಪುಟಗಳನ್ನು ಒಪ್ಪಿಗೆಗೆ ಕಳುಹಿಸಲೇ ಇಲ್ಲ.

ಐಎಸ್‌ಬಿಎನ್ ಬಗ್ಗೆಯೂ ಒಂದು ಮಾತು. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯು ಈ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ. ಅರ್ಜಿ ತುಂಬಿದ ಶ್ರಮಕ್ಕೆ ತಾವು ಹಣ ಪಡೆಯುವುದಕ್ಕೆ ನನ್ನ ತಕರಾರಿಲ್ಲ, ಆದರೆ ಅದನ್ನು ಬಿಲ್ಲಿನಲ್ಲಿ ‘ಐಎಸ್‌ಬಿಎನ್ ಶುಲ್ಕ’ ಎಂದು ತೋರಿಸಿರುವುದು ಸರಿಯಲ್ಲ. ಅಚ್ಚಿನ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಪ್ರತ್ಯೇಕ ಸಂಖ್ಯೆ ಇರಬೇಕಾಗಿದ್ದು, ತಾವು ಎರಡಕ್ಕೂ ಒಂದನ್ನೇ ಹಾಕಿದ್ದೀರಿ.

ಆದ್ದರಿಂದ, ಈ ಪತ್ರ ತಲುಪಿದ 15 ದಿನಗಳೊಳಗೆ ಹಸ್ತಪ್ರತಿಯನ್ನು ಹೊಸದಾಗಿ ಯೂನಿಕೋಡಿಗೆ ಪರಿವರ್ತಿಸಿ, ಕನ್ನಡ ಬಲ್ಲವರೊಬ್ಬರಿಂದ ಆದಿಯಿಂದ ಅಂತ್ಯದವರೆಗೆ ಓದಿಸಿ, ಆ ತಿದ್ದಿದ ಪಠ್ಯದಿಂದ ಎರಡು ಆವೃತ್ತಿಗಳನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿಕೊಡಬೇಕೆಂದು ಕೋರುತ್ತೇನೆ. ಮುದ್ರಣದ ಫೈಲು 208 ಪುಟಗಳಲ್ಲಿದ್ದು, ಫಾಂಟುಗಳು ಒಳಸೇರಿರಬೇಕು, ನಕ್ಷೆಗಳು ನಾನು ಕೊಟ್ಟ ಮೂಲದಿಂದಲೇ ಬರಬೇಕು. ಮುಂದೆ ಮರುಮುದ್ರಣಕ್ಕೆ ಬೇಕಾಗುವುದರಿಂದ ಪುಟವಿನ್ಯಾಸದ ಮೂಲ ಫೈಲನ್ನೂ ನನಗೆ ಕೊಡಬೇಕು. ಈ ಅವಧಿಯಲ್ಲಿ ಇದು ತಮ್ಮಿಂದ ಸಾಧ್ಯವಿಲ್ಲವೆಂದಾದರೆ ಅದನ್ನು ನೇರವಾಗಿ ತಿಳಿಸಿ, ಎರಡೂ ಆವೃತ್ತಿಗಳ ಬಾಬ್ತು ಪಡೆದಿರುವ ರೂ. 23,500ನ್ನು ಹಿಂದಿರುಗಿಸಿದರೆ ನಾನು ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ. ಮುಖಪುಟದ ಚಿತ್ರ ಚೆನ್ನಾಗಿದೆ, ಅದರ ಹಣವನ್ನು ನಾನು ಕೇಳುವುದಿಲ್ಲ.

ಎರಡರಲ್ಲಿ ಒಂದೂ ಆಗದಿದ್ದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಸೇವಾ ನ್ಯೂನತೆಯ ದೂರನ್ನು ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದಾಖಲಿಸುವುದು ಅನಿವಾರ್ಯವಾಗುತ್ತದೆ. ದೂರುದಾರನು ತಾನು ವಾಸಿಸುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿರುವುದರಿಂದ ನಾನು ಬೆಂಗಳೂರಿಗೆ ಬರಬೇಕಾದ ಪ್ರಮೇಯವಿಲ್ಲ. ಅಷ್ಟರವರೆಗೆ ಹೋಗುವ ಇಚ್ಛೆ ನನಗಿಲ್ಲ. ಮುದ್ರಕರು ಕಾಗದ ತರಿಸಿ ಇಟ್ಟುಕೊಂಡಿದ್ದು, ಈ ತಿಂಗಳ ಕೊನೆಯವರೆಗೆ ಮಾತ್ರ ನನ್ನ ಕೆಲಸಕ್ಕೆ ಜಾಗ ಬಿಡುವುದಾಗಿ ಹೇಳಿದ್ದಾರೆ. ಉತ್ತರವನ್ನು ದಯವಿಟ್ಟು ಬರಹದಲ್ಲೇ ಕಳುಹಿಸಬೇಕು.

ತಮ್ಮ ವಿಶ್ವಾಸಿ,

(ಸಹಿ)
ಲೇಖಕ ಮತ್ತು ಪ್ರಕಾಶಕ

ಲಗತ್ತು: ಪಾವತಿಯ ಎರಡು ರಸೀದಿಗಳು, ತಮ್ಮ ದರಪಟ್ಟಿಯ ಪ್ರತಿ, ಮುದ್ರಕರು ಗುರುತು ಮಾಡಿದ ಪ್ರೂಫ್, ಇ-ಪುಸ್ತಕದ 18 ಪರದೆಚಿತ್ರಗಳು, ‘ಱ’ ಮತ್ತು ‘ೞ’ ಬರಬೇಕಾದ ಸ್ಥಳಗಳ ಪಟ್ಟಿ.