ನಾಲ್ಕು ಪಟ್ಟು ಎಂದರೆ 4ಕೆ ಅಲ್ಲ

ಮಾನ್ಯ ಸಂಪಾದಕರಿಗೆ,

ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಡುವ ಕೆಲಸವನ್ನು ಪುತ್ತೂರಿನಲ್ಲಿ ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳ ಕ್ಯಾಸೆಟ್‌ಗಳ ಜೊತೆಗೆ, ಮನೆಯಂಗಳದಲ್ಲೋ ಗದ್ದೆಯಲ್ಲೋ ನಡೆದ ಯಕ್ಷಗಾನ ಹರಕೆಯಾಟಗಳ (ಹರಕೆ ತೀರಿಸಲು ಆಡಿಸುವ ಆಟಗಳ) ಕ್ಯಾಸೆಟ್‌ಗಳೂ ನನ್ನಲ್ಲಿಗೆ ಬರುತ್ತವೆ. ಈಚೆಗೆ ಬರುವವರೆಲ್ಲರೂ ‘ಎಐ ಹಾಕಿ 4ಕೆ ಮಾಡಿಕೊಡುತ್ತೀರಾ’ ಎಂದು ಕೇಳುತ್ತಾರೆ. 4ಕೆ ಎಂದರೆ ಈಗಿನ ದೊಡ್ಡ ಟಿ.ವಿ.ಗಳ ಚಿತ್ರದ ಅಳತೆ; ಎಐ, ಅಂದರೆ ಕೃತಕ ಬುದ್ಧಿಮತ್ತೆ, ಸಣ್ಣ ಚಿತ್ರವನ್ನು ದೊಡ್ಡದು ಮಾಡಿ ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ. ಬೇರೆ ಕಡೆ ಮಾಡಿಸಿಕೊಂಡವರು, ‘4ಕೆ ಎಂದು ದುಡ್ಡು ಕೊಟ್ಟೆವು, ಟಿ.ವಿ.ಯಲ್ಲಿ ಹಾಕಿದರೆ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ’ ಎಂದು ದೂರುತ್ತಾರೆ. ಈ ದೂರಿಗೆ ಅಂಗಡಿಯ ಮೇಜಿನ ಎದುರು ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಎಪ್ಪತ್ತು ದಾಟಿದ ಅಮ್ಮನೊಬ್ಬರು ಮೊಮ್ಮಗನ ಜೊತೆ ಪೆನ್‌ಡ್ರೈವ್ ಹಿಡಿದು ಬಂದರು. ಇಪ್ಪತ್ತೈದು ವರ್ಷಗಳ ಹಿಂದೆ ಅವರ ಅಂಗಳದಲ್ಲಿ ನಡೆದ ಹರಕೆಯಾಟ ಅದರಲ್ಲಿತ್ತು. ಈಗಿಲ್ಲದ ಅವರ ಯಜಮಾನರು ಚೌಕಿಪೂಜೆಯ (ವೇಷ ಕಟ್ಟುವ ಚೌಕಿಯಲ್ಲಿ ಮಾಡುವ ಪೂಜೆಯ) ಹೊತ್ತಿಗೆ ಹರಿವಾಣ ಹಿಡಿದು ನಿಂತ ದೃಶ್ಯವೂ ಇತ್ತು. ಫೈಲಿನ ಅಳತೆ ನೋಡಿದರೆ ಸರಿಯಾಗಿ 3840×2160 ಪಿಕ್ಸೆಲ್ (ಅಗಲಕ್ಕೂ ಎತ್ತರಕ್ಕೂ ಇರುವ ಚಿತ್ರಚುಕ್ಕೆಗಳ ಲೆಕ್ಕ), ಅಂದರೆ 4ಕೆ. ಆದರೆ ಹಿಮ್ಮೇಳದವರ ಕೈಯಲ್ಲಿದ್ದ ದುಂಡಗಿನ ಚಕ್ರತಾಳ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಪರದೆಯ ಮೇಲೆ ಯಜಮಾನರ ಮುಖ ಬಂದಾಗ ಆ ಅಮ್ಮ, ‘ಇವರು ಇಷ್ಟು ದಪ್ಪ ಇರಲೇ ಇಲ್ಲ ಮಗಾ’ ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. 4:3 ಆಕಾರದ ಹಳೆಯ ಚಿತ್ರವನ್ನು 16:9ರ ಪರದೆಗೆ ತುಂಬಿಸಲು ಯಾರೋ ಅಡ್ಡಕ್ಕೆ ಎಳೆದುಬಿಟ್ಟಿದ್ದರು. ಹಾಗೆ ಎಳೆದಾಗ ಪ್ರತಿಯೊಂದರ ಅಗಲವೂ ಮೂರನೆಯ ಒಂದು ಪಾಲು ಹೆಚ್ಚಾಗುತ್ತದೆ. ರೆಸಲ್ಯೂಶನ್, ಅಂದರೆ ಚುಕ್ಕೆಗಳ ಲೆಕ್ಕ, ಸರಿಯಿತ್ತು, ಚಿತ್ರ ಸರಿಯಿರಲಿಲ್ಲ.

ಗೊಂದಲ ಶುರುವಾಗುವುದು ‘4’ ಎಂಬ ಅಂಕಿಯಿಂದಲೇ. ಸಾಫ್ಟ್‌ವೇರ್‌ನಲ್ಲಿ ‘4 ಪಟ್ಟು’ ಎಂಬ ಆಯ್ಕೆಯೂ ಇರುತ್ತದೆ, ‘4ಕೆ’ ಎಂಬ ಆಯ್ಕೆಯೂ ಇರುತ್ತದೆ. ಇವೆರಡೂ ಒಂದೇ ಎಂದು ಬಹಳ ಮಂದಿ ತಿಳಿದಿದ್ದಾರೆ. ನಾಲ್ಕು ಪಟ್ಟು ಎಂದರೆ ಮೂಲದ ಅಗಲ ಮತ್ತು ಎತ್ತರಗಳನ್ನು ತಲಾ ನಾಲ್ಕರಿಂದ ಗುಣಿಸುವುದು. ನಮ್ಮ ದೇಶದ ಪಾಲ್ ಎಂಬ ಟಿ.ವಿ. ಪದ್ಧತಿಯ ಕ್ಯಾಸೆಟ್ಟನ್ನು ಇಳಿಸಿದಾಗ ಸಿಗುವ 720×576ರ ಚಿತ್ರಕ್ಕೆ ನಾಲ್ಕು ಪಟ್ಟು ಹಾಕಿದರೆ ಬರುವುದು 2880×2304. ಹಳೆಯ ಕ್ಯಾಮೆರಾದ 640×480ರ ತುಣುಕಿಗೆ ಹಾಕಿದರೆ 2560×1920. ಮದುವೆಯ ವಿ.ಸಿ.ಡಿ.ಯಲ್ಲಿರುವುದು 352×288 ಮಾತ್ರ. ಅದು ನಾಲ್ಕು ಪಟ್ಟಾದರೂ 1408×1152ರ ಆಚೆಗೆ ಹೋಗುವುದಿಲ್ಲ. ಇವುಗಳಲ್ಲಿ ಯಾವುದೂ 3840×2160 ಅಲ್ಲ, ಸಾಫ್ಟ್‌ವೇರ್ ಕೆಟ್ಟಿರುವುದೂ ಇಲ್ಲ. ಅತ್ತ ಮೊಬೈಲಿನ 1920×1080ರ ವಿಡಿಯೊಗೆ ನಾಲ್ಕು ಪಟ್ಟು ಕೊಟ್ಟವರು 7680×4320, ಅಂದರೆ 8ಕೆ, ಕೇಳಿದಂತಾಗುತ್ತದೆ. ವಿಡಿಯೊವನ್ನು ಕುಗ್ಗಿಸಿ ಫೈಲಾಗಿಸುವ, ಗ್ರಾಫಿಕ್ಸ್ ಕಾರ್ಡಿನ ಎಚ್.264 ಎಂಬ ಬಗೆಯ ಎನ್‌ಕೋಡರ್‌ಗಳು ಸಾಮಾನ್ಯವಾಗಿ 4096 ಪಿಕ್ಸೆಲ್ ಅಗಲಕ್ಕೆ ನಿಂತುಬಿಡುವುದರಿಂದ ರಾತ್ರಿಯಿಡೀ ಓಡಿದ ಕೆಲಸ ಕೊನೆಗೆ ಒಂದು ದೋಷಸಂದೇಶವಾಗಿ ಮುಗಿಯುತ್ತದೆ. ಅಲ್ಲಿ ಬೇಕಾದದ್ದು ಎರಡೇ ಪಟ್ಟು. 8ಕೆ ಬೇಕೇ ಬೇಕು ಎನ್ನುವವರು ಎಚ್.265 ಎಂಬ ಹೊಸ ಬಗೆಯನ್ನು ಆರಿಸಬೇಕು.

ಕ್ಯಾಸೆಟ್ಟಿನ ಚಿತ್ರವನ್ನು 4ಕೆ ಪರದೆಗೆ ಸರಿಯಾಗಿ ಕೂರಿಸಿದರೆ ಅದು 2880×2160 ಆಗಬೇಕು. ಎಡಬಲಗಳಲ್ಲಿ ತಲಾ 480 ಪಿಕ್ಸೆಲ್ ಕಪ್ಪು ಪಟ್ಟಿ ಉಳಿಯಬೇಕು. ಆ ಪಟ್ಟಿಯನ್ನು ಕಂಡು ‘ಪೂರ್ತಿ ಪರದೆ ಬಂದಿಲ್ಲ’ ಎಂದು ಆಕ್ಷೇಪಿಸುವ ಗ್ರಾಹಕರಿದ್ದಾರೆ, ಅವರನ್ನು ಸಮಾಧಾನಪಡಿಸಲು ಚಿತ್ರವನ್ನೇ ಎಳೆದುಕೊಡುವ ಸ್ಟುಡಿಯೊದವರೂ ಇದ್ದಾರೆ. ಕಪ್ಪು ಪಟ್ಟಿ ತಪ್ಪಲ್ಲ ಎಂಬುದನ್ನು ದಯವಿಟ್ಟು ಇಬ್ಬರೂ ಒಪ್ಪಿಕೊಳ್ಳಬೇಕು. ಇದರೊಳಗೇ ಇನ್ನೊಂದು ಸೂಕ್ಷ್ಮವಿದೆ. 720×576ರ ಪಿಕ್ಸೆಲ್‌ಗಳು ಚೌಕಾಕಾರದವಲ್ಲ. ಅವುಗಳನ್ನು ಚೌಕ ಪಿಕ್ಸೆಲ್‌ಗೆ ತಂದಾಗ ಚಿತ್ರ 768×576 ಆಗುತ್ತದೆ. ಫೈಲಿನೊಳಗೆ ಬರೆದಿರುವ ಈ ಆಕಾರದ ಸೂಚನೆಯನ್ನು ಚಿತ್ರ ದೊಡ್ಡದು ಮಾಡುವ ಸಾಫ್ಟ್‌ವೇರ್ ಗಮನಿಸದೆ ಬಿಟ್ಟರೆ ಎಲ್ಲರೂ ಶೇ 6ರಷ್ಟು ತೆಳ್ಳಗಾಗುತ್ತಾರೆ. ಕಣ್ಣಿಗೆ ತಟ್ಟನೆ ಹೊಳೆಯದ ದೋಷವಿದು. ನಾನು ಚಿತ್ರದಲ್ಲಿ ಎಲ್ಲಾದರೂ ದುಂಡಗಿನ ವಸ್ತುವೊಂದನ್ನು ಹುಡುಕಿ, ಪರದೆಯ ಮೇಲೆ ಅಳತೆಪಟ್ಟಿ ಇಟ್ಟು ಅಡ್ಡಕ್ಕೂ ಉದ್ದಕ್ಕೂ ಅಳೆಯುತ್ತೇನೆ. ಚಕ್ರತಾಳ, ಕೈಗಡಿಯಾರ, ನೇರ ಎದುರಿಗೆ ಕಾಣುವ ಬೈಕಿನ ಚಕ್ರ, ಯಾವುದಾದರೂ ಆದೀತು.

ಎಐಗೆ ಕೊಡುವ ಮುನ್ನವೇ ಚಿತ್ರ ಕೆಟ್ಟಿರುವುದೂ ಉಂಟು. ಕ್ಯಾಸೆಟ್ ಇಳಿಸಲು ಬಳಸುವ ಕಡಿಮೆ ಬೆಲೆಯ ಯು.ಎಸ್.ಬಿ. ಕ್ಯಾಪ್ಚರ್ ಸಾಧನಗಳ ಜೊತೆ ಬರುವ ಸಾಫ್ಟ್‌ವೇರ್ ಕೆಲವೊಮ್ಮೆ ಅಮೆರಿಕದ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ, 720×480 ಅಳತೆಗೆ, ಮೊದಲೇ ಹೊಂದಿಸಿಕೊಂಡು ಕೂತಿರುತ್ತದೆ. ಹಾಗೆಯೇ ಇಳಿಸಿದರೆ 576 ಗೆರೆಗಳ ಜಾಗದಲ್ಲಿ 480 ಮಾತ್ರ ಉಳಿದು, 96 ಗೆರೆಗಳಷ್ಟು ವಿವರ ಮೊದಲ ಹೆಜ್ಜೆಯಲ್ಲೇ ಹೋಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇಂಟರ್‌ಲೇಸ್‌ನದು. ಕ್ಯಾಸೆಟ್ಟಿನಲ್ಲಿ ಸೆಕೆಂಡಿಗೆ 25 ಪೂರ್ಣ ಚಿತ್ರಗಳಿರುವುದಿಲ್ಲ. ತಲಾ 288 ಗೆರೆಗಳ 50 ಅರೆಚಿತ್ರಗಳಿರುತ್ತವೆ, ಬೆಸ ಗೆರೆಗಳದೊಂದು, ಸಮ ಗೆರೆಗಳದೊಂದು. ಇವುಗಳನ್ನು ಮೊದಲು ಸರಿಯಾಗಿ ಬಿಡಿಸದೆ ಎಐಗೆ ಕೊಟ್ಟರೆ ಪುಂಡುವೇಷ (ಚುರುಕಿನ ಯುವಕ ಪಾತ್ರ) ಧೀಂಗಿಣ ಹಾಕುವಾಗ, ಅಂದರೆ ಗಿರಗಿರನೆ ತಿರುಗಿ ಹಾರುವಾಗ, ಸೆರಗಿನ ಅಂಚಿನಲ್ಲಿ, ಗೆಜ್ಜೆಯ ಸುತ್ತ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ಎಐ ಅವುಗಳನ್ನು ದೋಷವೆಂದು ಅರಿಯದೆ ಬಟ್ಟೆಯ ನೇಯ್ಗೆಯೆಂದೇ ತಿಳಿದು ಇನ್ನಷ್ಟು ಸ್ಫುಟಗೊಳಿಸುತ್ತದೆ. ಬಿಡಿಸುವಾಗ ಮೇಲಿನ ಗೆರೆ ಮೊದಲೋ ಕೆಳಗಿನದು ಮೊದಲೋ ಎಂಬುದು ತಪ್ಪಿದರೆ ಕುಣಿತ ಹಿಂದೆ ಮುಂದೆ ತಡವರಿಸುತ್ತದೆ, ಡಿ.ವಿ. ಎಂಬ ಡಿಜಿಟಲ್ ಟೇಪಿನಲ್ಲಿ ಕೆಳಗಿನದು ಮೊದಲು. ಈ ಕೆಲಸವನ್ನು ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಫ್ಟ್‌ವೇರ್ ಚೆನ್ನಾಗಿಯೇ ಮಾಡುತ್ತದೆ, ಹಣ ಕೊಟ್ಟು ಕೊಳ್ಳಬೇಕಾದ್ದೇನೂ ಇಲ್ಲ.

ಮೊಬೈಲನ್ನು ಉದ್ದಕ್ಕೆ ಹಿಡಿದು ತೆಗೆದ ವಿಡಿಯೊಗಳ ಪಾಡು ಬೇರೆ. ಆ ಫೈಲಿನೊಳಗೆ ಚಿತ್ರ ಅಡ್ಡವಾಗಿಯೇ, 1920×1080 ಆಗಿ, ಇರುತ್ತದೆ. ‘ತೊಂಬತ್ತು ಡಿಗ್ರಿ ತಿರುಗಿಸಿ ತೋರಿಸು’ ಎಂಬ ಸೂಚನೆ ಪಕ್ಕದಲ್ಲಿರುತ್ತದೆ. ಹಾಗೆ ತಿರುಗಿಸಿದ ಚಿತ್ರವನ್ನು 4ಕೆ ಚೌಕಟ್ಟಿನ 2160 ಎತ್ತರಕ್ಕೆ ಏರಿಸಿ ಕೂರಿಸಿದಾಗ ಅಗಲ 1215 ಬರುತ್ತದೆ. ಸಾಮಾನ್ಯ ವಿಡಿಯೊಗಳಲ್ಲಿ ಬಣ್ಣದ ಮಾಹಿತಿಯನ್ನು ಎರಡೆರಡು ಪಿಕ್ಸೆಲ್‌ಗಳಿಗೆ ಒಂದರಂತೆ ಹಂಚುವುದರಿಂದ ಅಗಲವೂ ಎತ್ತರವೂ ಸಮಸಂಖ್ಯೆಗಳೇ ಆಗಬೇಕು. 1215 ಎಂಬ ಬೆಸಸಂಖ್ಯೆಗೆ ಎನ್‌ಕೋಡರ್ ಒಪ್ಪುವುದಿಲ್ಲ. 1216 ಎಂದು ತಿದ್ದಿದರೆ ಕೆಲಸ ಸಾಗುತ್ತದೆ.

ಎಲ್ಲ ಸರಿಯಾಗಿ ಮುಗಿದ ಮೇಲೂ ನೋಡುವ ದಾರಿಯಲ್ಲಿ ರೆಸಲ್ಯೂಶನ್ ಕಳೆದುಹೋಗಬಹುದು. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳುಹಿಸಿದರೆ ಅದು ಮತ್ತೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ಯೂಟ್ಯೂಬ್‌ಗೆ ಏರಿಸಿದ ತಕ್ಷಣ ಕಡಿಮೆ ಗುಣಮಟ್ಟದ ಪ್ರತಿಯಷ್ಟೇ ಕಾಣುತ್ತದೆ, ದೊಡ್ಡ ಪ್ರತಿ ಸಿದ್ಧವಾಗಲು ಕಾಯಬೇಕು. ಆದ್ದರಿಂದ ಮೊದಲು ಫೈಲನ್ನೇ ಪರೀಕ್ಷಿಸಬೇಕು: ವಿ.ಎಲ್.ಸಿ. ಪ್ಲೇಯರ್‌ನ ಕೋಡೆಕ್ ಮಾಹಿತಿಯಲ್ಲಿ ಅಳತೆ ಕಾಣುತ್ತದೆ, ಮೀಡಿಯಾ ಇನ್ಫೊ ಎಂಬ ಸಾಫ್ಟ್‌ವೇರ್ ಆಕಾರದ ಅನುಪಾತ, ಇಂಟರ್‌ಲೇಸ್ ಇದೆಯೋ ಇಲ್ಲವೋ ಎಂಬುದನ್ನೂ ತೋರಿಸುತ್ತದೆ. ವಿ.ಎಲ್.ಸಿ.ಯಲ್ಲಿ 1080ರ ಕೆಳಗೆ 1088 ಎಂಬ ಇನ್ನೊಂದು ಸಂಖ್ಯೆ ಕಂಡರೆ ಗಾಬರಿ ಬೇಡ. ಎಚ್.264 ಚಿತ್ರವನ್ನು 16 ಪಿಕ್ಸೆಲ್‌ಗಳ ತುಂಡುಗಳಾಗಿ ಕತ್ತರಿಸಿಡುವುದರಿಂದ ಉಳಿದ ಎಂಟು ಗೆರೆಗಳ ಭರ್ತಿ ಅದು.

ಕೆಲಸ ಮಾಡುವವರಿಗೊಂದು ಮಾತು. ಎರಡೆರಡು ಅರೆಚಿತ್ರಗಳನ್ನು ಸೇರಿಸಿ ಸೆಕೆಂಡಿಗೆ 25 ಫ್ರೇಮ್ (ಪೂರ್ಣ ಚಿತ್ರ) ಎಂದು ಹಿಡಿದರೆ ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ 2,70,000 ಫ್ರೇಮ್‌ಗಳಿರುತ್ತವೆ. ಕಂಪ್ಯೂಟರ್ ಸೆಕೆಂಡಿಗೆ ನಾಲ್ಕು ಫ್ರೇಮ್ ಮುಗಿಸಿದರೂ ಹದಿನೆಂಟು ಗಂಟೆಗಿಂತ ಹೆಚ್ಚು ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಐದು ಸೆಕೆಂಡಿನ ತುಣುಕೊಂದನ್ನು ಮೊದಲು ಪೂರ್ತಿ ಎಕ್ಸ್‌ಪೋರ್ಟ್ ಮಾಡಿ, ಆ ಫೈಲಿನ ಅಳತೆಯನ್ನು ಓದಿ, ಗ್ರಾಹಕರ ಟಿ.ವಿ.ಯಲ್ಲೇ ಹಾಕಿ ನೋಡಿದ ಮೇಲೆ ಉಳಿದದ್ದಕ್ಕೆ ಕೈಹಾಕಬೇಕು. ಸಾಫ್ಟ್‌ವೇರ್‌ನ ಪ್ರಿವ್ಯೂ ಕಿಟಕಿಯನ್ನು ಮಾತ್ರ ನಂಬಬಾರದು.

ಇಷ್ಟೆಲ್ಲ ಸರಿಮಾಡಿದರೂ ಒಂದು ಸತ್ಯ ಉಳಿಯುತ್ತದೆ. ವಿ.ಎಚ್.ಎಸ್., ಅಂದರೆ ಮನೆಮನೆಯ ಸಾಮಾನ್ಯ ವಿಡಿಯೊ ಕ್ಯಾಸೆಟ್ಟಿನ, ಟೇಪಿನಲ್ಲಿ ಅಡ್ಡಕ್ಕೆ ಇರುವ ವಿವರ ಸುಮಾರು 240 ಗೆರೆಗಳಷ್ಟೇ. 720×576ನ್ನು 2880×2160ಕ್ಕೆ ಏರಿಸಿದಾಗ ಪಿಕ್ಸೆಲ್‌ಗಳ ಸಂಖ್ಯೆ ಹದಿನೈದು ಪಟ್ಟಾಗುತ್ತದೆ. ಹದಿನೈದರಲ್ಲಿ ಹದಿನಾಲ್ಕು ಎಐಯ ಊಹೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದಲ್ಲಿ ಅಕ್ಕಿಹಿಟ್ಟಿನಿಂದ ಸಾಲಾಗಿ ಇಟ್ಟ ಚುಟ್ಟಿಯ ಮುಳ್ಳುಗಳು ಎಐ ಕೈಯಲ್ಲಿ ನುಣುಪಾದ ಬಿಳಿ ಪಟ್ಟಿಯಾದದ್ದನ್ನು ನಾನು ಕಂಡಿದ್ದೇನೆ. ರಂಗಸ್ಥಳದ ಹಿಂದಿನ ಬ್ಯಾನರಿನಲ್ಲಿ ಕನ್ನಡದ ಒತ್ತಕ್ಷರಗಳು ಯಾವ ಲಿಪಿಗೂ ಸೇರದ ಗೀಚುಗಳಾದದ್ದನ್ನು, ಮೂಲೆಯ ತಾರೀಕಿನಲ್ಲಿ 3 ಇದ್ದದ್ದು 8 ಆದದ್ದನ್ನೂ ಕಂಡಿದ್ದೇನೆ. ವೇಷಗಾರಿಕೆಯನ್ನು ಅಭ್ಯಾಸ ಮಾಡುವ ನಾಳಿನವರು ಇಂಥ ಫೈಲನ್ನು ದಾಖಲೆಯೆಂದು ನಂಬಿದರೆ ಏನಾದೀತು ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಆ ಅಮ್ಮನ ಕ್ಯಾಸೆಟ್ ಪುಣ್ಯಕ್ಕೆ ಅಟ್ಟದ ಮೇಲೆ ಉಳಿದಿತ್ತು. ಬೂಷ್ಟು ಹಿಡಿದಿದ್ದ ಟೇಪನ್ನು ಒರೆಸಿ, ಹೊಸದಾಗಿ ಇಳಿಸಿ, 1440×1080ಕ್ಕೆ ಮಾತ್ರ ಏರಿಸಿಕೊಟ್ಟೆ. ಕ್ಯಾಸೆಟ್ಟಿನ ಚಿತ್ರಕ್ಕೆ ಅಷ್ಟು ಸಾಕೆಂಬುದು ನನ್ನ ಅನುಭವ. ಆದರೆ ಎಲ್ಲರ ಅಟ್ಟದಲ್ಲೂ ಟೇಪು ಉಳಿದಿರುವುದಿಲ್ಲ. ‘ಡಿಜಿಟಲ್ ಆಯಿತಲ್ಲ’ ಎಂದು ಒಲೆಗೆ ಹಾಕಿದವರನ್ನೂ ಬಲ್ಲೆ. ಕ್ಯಾಸೆಟ್ ಓಡಿಸುವ ವಿ.ಸಿ.ಆರ್. ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿಯೆಂದು ಹೆಸರಾಗಿದ್ದ ಜಪಾನಿನ ಫುನೈ 2016ರಲ್ಲೇ ಅದನ್ನು ನಿಲ್ಲಿಸಿತು. ಓಡುವ ಯಂತ್ರಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ.

ಹಾಗಾಗಿ ಈ ಕಸುಬಿನವರಲ್ಲಿ ನನ್ನ ವಿನಂತಿಯಿಷ್ಟೆ: ಬಿಲ್ಲಿನಲ್ಲಿ ‘4ಕೆ’ ಎಂದಷ್ಟೇ ಬರೆಯದೆ ಟೇಪಿನಿಂದ ಇಳಿಸಿದ ಅಳತೆ, ಚಿತ್ರದ ಆಕಾರ, ಕೊನೆಯ ಅಳತೆ ಮೂರನ್ನೂ ಬರೆದುಕೊಡಿ, ಎಐ ಮುಟ್ಟದ ಮೊದಲ ಪ್ರತಿಯನ್ನು ತಪ್ಪದೆ ಜೊತೆಗೆ ಕೊಡಿ. ಗ್ರಾಹಕರು ಆ ಪ್ರತಿಯನ್ನು ಕೇಳಿ ಪಡೆಯಬೇಕು. ಕರ್ನಾಟಕ ಯಕ್ಷಗಾನ ಅಕಾಡೆಮಿಯು ಹಳೆಯ ಆಟಗಳ ಕ್ಯಾಸೆಟ್ ಇಟ್ಟುಕೊಂಡಿರುವ ಮನೆಗಳಿಗೆ ತಲುಪುವಂತೆ ಇದನ್ನೆಲ್ಲ ಕನ್ನಡದಲ್ಲಿ ಒಂದು ಪುಟದ ಸೂಚನೆಯಾಗಿ ಅಚ್ಚುಹಾಕಿಸಿದರೆ ದೊಡ್ಡ ಉಪಕಾರವಾಗುತ್ತದೆ. ಆ ಪುಟವನ್ನು ಬರೆದುಕೊಡಲು, ಕೆಟ್ಟ ಮತ್ತು ಸರಿಯಾದ ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಲು ನಾನು ಸಿದ್ಧನಿದ್ದೇನೆ.

ಇತಿ ನಿಮ್ಮ ವಿಶ್ವಾಸಿ,
ಕ್ಯಾಸೆಟ್ ಪರಿವರ್ತನೆಯ ಕಸುಬಿನ ಓದುಗ
ಪುತ್ತೂರು, ದಕ್ಷಿಣ ಕನ್ನಡ