ಆ ಫೈಲುಗಳು ಯಾರ ಹತ್ರ ಇವೆ, ಸಾಹೇಬರೇ?
ಬೀದರ್ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಸಾಹೇಬರೇ, ಶರಣು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಹಳೆಯ ಸ್ಮಾರಕಗಳನ್ನು ಡಿಜಿಟಲ್ ಮಾಡಬೇಕು ಅನ್ನೋ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಲೇಸರ್ ಶೋ, ವಿಆರ್ ಕನ್ನಡಕ, ಕ್ಯೂಆರ್ ಕೋಡ್, ಡ್ರೋನ್ ವಿಡಿಯೊ. ನನಗೇನೂ ಇವುಗಳ ಮೇಲೆ ಸಿಟ್ಟಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಇಂಥ ಕೆಲಸಕ್ಕೆ ಟೆಂಡರ್ ಕರೆಯುವಾಗ ಅದರಲ್ಲಿ ಒಂದು ಷರತ್ತು ಸೇರಿಸಿ ಅಂತ ಕೇಳೋಕೆ ಈ ಪತ್ರ. ಷರತ್ತು ಇಷ್ಟೇ: ಸ್ಕ್ಯಾನ್ ಮಾಡಿದ, ಫೋಟೊ ತೆಗೆದ ಮೂಲ ಫೈಲುಗಳೆಲ್ಲ ಜಿಲ್ಲೆಯ ಕೈಗೆ ಬರಬೇಕು, ಮತ್ತು ಅವನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳುವಂತಿರಬೇಕು.

ಯಾಕೆ ಇಷ್ಟು ಸಣ್ಣ ವಿಷಯಕ್ಕೆ ಪತ್ರ ಅನ್ನಬಹುದು. ಒಂದು ಜಾಗದಲ್ಲಿ ಸ್ಮಾರಕದ ಎದುರಿಗೆ ಚೆಂದದ ಸ್ಟೀಲ್ ಬೋರ್ಡು, ಅದರ ಮೇಲೆ ಕ್ಯೂಆರ್ ಕೋಡ್. ಮೊಬೈಲ್ ಹಿಡಿದೆ. ಪುಟ ತೆರೆಯಿತು, ಆದರೆ ಅದರಲ್ಲಿ ಸ್ಮಾರಕವೇ ಇಲ್ಲ, 'ಈ ವೆಬ್ ವಿಳಾಸ ಮಾರಾಟಕ್ಕಿದೆ' ಅಂತ ಇದೆ. ವರ್ಷಕ್ಕೊಮ್ಮೆ ಕಟ್ಟಬೇಕಾದ ಬಾಡಿಗೆಯನ್ನು ಯಾರೋ ಕಟ್ಟಿಲ್ಲ, ಅಷ್ಟೆ. ಬೋರ್ಡು ಮಾತ್ರ ಇನ್ನೂ ಮಿರಮಿರ ಮಿಂಚುತ್ತಿದೆ. ಆ ಪುಟಕ್ಕಾಗಿ ತೆಗೆದ ಫೋಟೊ, ಬರೆಸಿದ ಮಾಹಿತಿ ಎಲ್ಲ ಎಲ್ಲಿ ಹೋದವು ಅಂತ ವಿಚಾರಿಸಿದರೆ ಯಾರಿಗೂ ಗೊತ್ತಿಲ್ಲ. ಕೆಲಸ ಮಾಡಿದ ಏಜೆನ್ಸಿಯ ಯಾವುದೋ ಹಾರ್ಡ್ ಡಿಸ್ಕಿನಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಸಾರ್ವಜನಿಕರ ದುಡ್ಡಲ್ಲಿ ಮಾಡಿದ್ದು, ಸಾರ್ವಜನಿಕರಿಗೇ ಸಿಗೋದಿಲ್ಲ.

ಹಳೇ ಕಾಲದವರು ಈ ವಿಷಯದಲ್ಲಿ ನಮಗಿಂತ ಜಾಣರು. ನಿಜಾಮರ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ನಡೆಸುತ್ತಿದ್ದ ಗುಲಾಂ ಯಜ್ದಾನಿಯವರು ಬೀದರ್‌ನ ಕಟ್ಟಡಗಳನ್ನು ಅಳೆಸಿ, ನಕ್ಷೆ ಬರೆಸಿ, ಫೋಟೊ ತೆಗೆಸಿ, ಶಾಸನಗಳನ್ನು ಓದಿ ದಾಖಲಿಸಿದರು. ಅದು ಪುಸ್ತಕವಾಗಿ ಬಂದಿದ್ದು 1947ರಲ್ಲಿ. ಇವತ್ತಿಗೂ ಬೀದರ್ ಬಗ್ಗೆ ಯಾರೇ ಬರೆಯಲಿ, ಮೊದಲು ತೆಗೆಯೋದು ಅದನ್ನೇ. ಕಾಗದದ ಮೇಲಿನ ಕೆಲಸ ಇಷ್ಟು ವರ್ಷ ಬಾಳಿತು, ನಮ್ಮ ಕ್ಯೂಆರ್ ಕೋಡ್ ಬಾಡಿಗೆ ಕಟ್ಟುವ ತಾರೀಖಿಗೇ ಮುಗ್ಗರಿಸಿತು.

ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಬೀದರ್‌ನಲ್ಲಿ ಕಟ್ಟಿಸಿದ ಮದರಸಾವನ್ನೇ ತೆಗೆದುಕೊಳ್ಳಿ. 1472ರಲ್ಲಿ ಕಟ್ಟಿ ಮುಗಿಸಿದ್ದು. ಔರಂಗಜೇಬನ ಕಾಲದಲ್ಲಿ, 17ನೇ ಶತಮಾನದ ಕೊನೆಗೆ, ಸ್ಫೋಟವಾಗಿ ಒಂದು ಮಿನಾರು ಮತ್ತು ಕಟ್ಟಡದ ದೊಡ್ಡ ಭಾಗ ಬಿದ್ದುಹೋಯಿತು. ಬಿದ್ದ ಭಾಗ ಹೇಗಿತ್ತು ಅಂತ ಉಳಿದ ಭಾಗ ನೋಡಿ ಊಹೆ ಮಾಡಬೇಕು. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿಗೆ 2019ರಲ್ಲಿ ಬೆಂಕಿ ಬಿದ್ದಾಗ ಹಾಗಾಗಲಿಲ್ಲ. ಆಂಡ್ರ್ಯೂ ಟ್ಯಾಲನ್ ಅನ್ನೋ ಕಲಾ ಇತಿಹಾಸದ ಪ್ರೊಫೆಸರ್ ಅದಕ್ಕಿಂತ ಮೊದಲೇ ಇಡೀ ಚರ್ಚನ್ನು ಲೇಸರ್ ಹಿಡಿದು ಅಳೆದಿಟ್ಟಿದ್ದರು. ಬೆಂಕಿ ಬೀಳುವ ಹೊತ್ತಿಗೆ ಅವರೇ ತೀರಿಕೊಂಡಿದ್ದರು, ಆದರೆ ಅಳತೆ ಉಳಿದಿತ್ತು, ಮತ್ತೆ ಕಟ್ಟುವವರಿಗೆ ಕೆಲಸಕ್ಕೆ ಬಂತು. ನಮ್ಮ ಮದರಸಾದ ಗೋಡೆ ಮೇಲೆ ಉಳಿದಿರುವ ಬಣ್ಣದ ಹೆಂಚುಗಳು ಬಿಸಿಲು ಮಳೆಗೆ ಸಡಿಲ ಆಗುತ್ತಲೇ ಇರುತ್ತವೆ. ಈ ವರ್ಷದ ಗೋಡೆಗೂ ಐದು ವರ್ಷದ ನಂತರದ ಗೋಡೆಗೂ ಏನು ವ್ಯತ್ಯಾಸ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಹೇಳೋಕೆ ಸ್ಕ್ಯಾನ್ ಬೇಕು. ಆದರೆ ಮೊದಲ ಸ್ಕ್ಯಾನಿನ ಫೈಲೇ ಸಿಗದಿದ್ದರೆ ಎರಡನೆಯದನ್ನು ಯಾವುದರ ಜೊತೆ ಹೋಲಿಸೋದು?

ಇನ್ನು ಬೀದರ್ ಪಕ್ಕದ ಅಷ್ಟೂರು. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿ ಇರುವ ಗುಮ್ಮಟದ ಒಳಗೆ ನೀವೂ ಹೋಗಿಯೇ ಇರುತ್ತೀರಿ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣೋದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಕೆಂಪು, ಬಂಗಾರದ ಬಣ್ಣ, ಬಳ್ಳಿ, ಅಕ್ಷರ, ಮೇಲಿನ ಗುಮ್ಮಟದ ತನಕ. ಆದರೆ ಕೆಳಗೆ ನಿಂತು ಎಷ್ಟು ಕಾಣುತ್ತೆ? ಕತ್ತು ನೋಯುತ್ತೆ, ಅಷ್ಟೇ. ಡಿಜಿಟಲ್ ನಿಜವಾಗಿ ಕೆಲಸಕ್ಕೆ ಬರೋದು ಇಲ್ಲೇ. ಬಣ್ಣಕ್ಕೆ ಪೆಟ್ಟು ಕೊಡದ ಬೆಳಕಿನಲ್ಲಿ, ಒಳ್ಳೆ ಕ್ಯಾಮೆರಾದಲ್ಲಿ ತುಂಡುತುಂಡಾಗಿ ಫೋಟೊ ತೆಗೆದು ಜೋಡಿಸಿದರೆ, ಮೇಲಿನ ಒಂದೊಂದು ಹೂವನ್ನೂ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಬಹುದು. ಮೆಟ್ಟಿಲು ಹತ್ತಲಾಗದ ಅಜ್ಜಿಯೂ ನೋಡಬಹುದು. ಆ ಗುಮ್ಮಟಕ್ಕೆ ಮುಸ್ಲಿಮರೂ ಬರುತ್ತಾರೆ, ಲಿಂಗಾಯತರೂ ಬರುತ್ತಾರೆ. ಒಬ್ಬರಿಗೆ ಅವರು ವಲಿ, ಅಂದರೆ ಸಂತ, ಇನ್ನೊಬ್ಬರಿಗೆ ಅಲ್ಲಮಪ್ರಭು. ಹಾಗಾಗಿ ವಿವರಣೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಸಾಲದು. ಕನ್ನಡ ಬೇಕು, ಉರ್ದು ಬೇಕು, ಆಡಿಯೊ ಇದ್ದರೆ ಅದು ನಮ್ಮ ಕಡೆಯ ಆಡುಮಾತಿನ ಉರ್ದು ದಖನಿಯಲ್ಲೂ ಇರಲಿ.

ಕೋಟೆಯೊಳಗಿನ ರಂಗೀನ್ ಮಹಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಆ ಕೋಣೆಯನ್ನು ಎಲ್ಲರಿಗೂ ತೆರೆದಿಟ್ಟರೆ ಕಿತ್ತುಕೊಂಡು ಹೋಗುವ ಕೈಗಳೂ ಬರುತ್ತವೆ. ಬೀಗ ಇರಲಿ, ಮೊಬೈಲಿನಲ್ಲಿ ಬಾಗಿಲು ತೆರೆಯಲಿ.

ಕರೇಜ್ ಕತೆ ಬೇರೆ. ನೌಬಾದ್ ಕಡೆ ನೆಲದಡಿ ಕೊರೆದ ಆ ನೀರಿನ ಸುರಂಗಕ್ಕೆ ಶತ್ರು ಅಂದರೆ ಅದು ಮೇಲಿನಿಂದ ಕಾಣದೇ ಇರೋದು. ಅಲ್ಲಲ್ಲಿ ಬಾವಿಯಂಥ ಬಾಯಿಗಳಿವೆ, ಅಷ್ಟೇ. ಲೇಔಟ್ ಮಾಡುವವನ ನಕ್ಷೆಯಲ್ಲಿ ಅದು ಇಲ್ಲ ಅಂದಮೇಲೆ ಅವನ ಪಾಲಿಗೆ ಅದು ಖಾಲಿ ಜಾಗ. ಸುರಂಗದ ಗೆರೆಯನ್ನು, ಪ್ರತಿ ಬಾಯಿಯ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸಿ, ಸರ್ವೆ ನಂಬರಿನ ಮೇಲೆ ಕೂರಿಸಿ, ಎಲ್ಲರೂ ನೋಡುವ ನಕ್ಷೆಯಲ್ಲಿ ಹಾಕಿ. ಸೈಟು ಕೊಳ್ಳುವವನೂ ನೋಡಲಿ, ಪರವಾನಗಿ ಕೊಡುವವರೂ ನೋಡಲಿ. ಇದಕ್ಕೆ ವಿಆರ್ ಕನ್ನಡಕ ಬೇಕಿಲ್ಲ. ಆದರೆ ಆ ನಕ್ಷೆ ಕಚೇರಿಯ ಬೀರುವಿನಲ್ಲಿ ಕೂತರೆ ಮಾಡಿದ್ದೂ ಸುಮ್ನೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರೋದು ಹಳ್ಳಿಯ ಶಾಸನಗಳದ್ದು. ದೊಡ್ಡ ಸ್ಮಾರಕಕ್ಕೆ ಬೇಲಿ ಇದೆ, ಕಾವಲಿದೆ. ಹನುಮಂತನ ಗುಡಿ ಮುಂದೆ ವಾಲಿಕೊಂಡ ಕಲ್ಲಿಗೆ ಯಾರಿದ್ದಾರೆ? ಹಬ್ಬ ಬಂದರೆ ಅದಕ್ಕೆ ಸುಣ್ಣ, ಆಮೇಲೆ ಆಯಿಲ್ ಪೇಂಟು, ಅದರ ಮೇಲೆ ಎಣ್ಣೆ, ಕುಂಕುಮ. ಒಂದೂರಲ್ಲಿ ಇಂಥದೇ ಕಲ್ಲಿನ ಮುಂದೆ ಕೂತಿದ್ದಾಗ ಕಟ್ಟೆಯ ಮೇಲಿದ್ದ ಯಜಮಾನರು ಹೇಳಿದರು, "ಅದರಾಗ ಏನೋ ಅಕ್ಷರ ಅವ ರೀ, ಓದೋರು ಯಾರೂ ಬಂದಿಲ್ಲ." ಸಂಜೆ ಹೊತ್ತಲ್ಲಿ ಮೊಬೈಲ್ ಟಾರ್ಚನ್ನು ಕಲ್ಲಿಗೆ ಎದುರಾಗಿ ಹಿಡಿಯದೆ ಪಕ್ಕದಿಂದ ಅಡ್ಡಡ್ಡ ಹಿಡಿದರೆ ಸವೆದ ಗೆರೆಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಬರುತ್ತವೆ. ಯಜಮಾನರು ಎದ್ದುಬಂದು ಬಗ್ಗಿ ನೋಡಿದರು. ಹಿಂದೆ ಇದಕ್ಕೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಿದ್ದರು, ಈಗಲೂ ತೆಗೆಯುತ್ತಾರೆ. ಈಗ ಅದರ ಜೊತೆಗೆ ಒಂದು ಸಾದಾ ಫೋನಿನಲ್ಲಿ ಕಲ್ಲಿನ ಸುತ್ತ ಒಂದರ ಮೇಲೊಂದು ಬರುವಂತೆ ಬೇಕಾದಷ್ಟು ಫೋಟೊ ತೆಗೆದು ಸಾಫ್ಟ್‌ವೇರಿಗೆ ಕೊಟ್ಟರೆ ಅದು ಕಲ್ಲಿನ ಮೂರು ಆಯಾಮದ ಪ್ರತಿ ಮಾಡಿಕೊಡುತ್ತೆ. ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದ ಕಡೆ ತಿರುಗಿಸಿ ಓದಬಹುದು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಅನ್ನೋ ಇತಿಹಾಸ ಅಧ್ಯಯನದ ಸಂಸ್ಥೆಯವರು 2021ರಿಂದ ಅಲ್ಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಜನರ ಮುಂದಿಡುತ್ತಿದ್ದಾರೆ. ಕಲ್ಯಾಣದ ಚಾಲುಕ್ಯರ ರಾಜಧಾನಿ ಇರೋದು ನಮ್ಮಲ್ಲಿ, ಸಾಹೇಬರೇ. ನಾವು ಹಿಂದೆ ಬಿದ್ದರೆ ಹೇಗೆ?

ಪಕ್ಕದ ಕಲಬುರಗಿ ಜಿಲ್ಲೆಯ ಸನ್ನತಿ ನಿಮಗೆ ಗೊತ್ತೇ ಇದೆ. 1986ರಲ್ಲಿ ಗುಡಿಯ ಚಾವಣಿ ಕುಸಿಯಿತು, ಆಗ ದೇವಿಯ ಮೂರ್ತಿ ಕೂರಿಸಿದ್ದ ಪೀಠದ ಕಲ್ಲು ಅಶೋಕನ ಶಾಸನ ಅಂತ ತಿಳಿಯಿತು. ಮೂರ್ತಿ ನಿಲ್ಲಿಸೋಕೆ ನಡುವೆ ತೂತು ಕೊರೆದಿದ್ದರಿಂದ ಅಲ್ಲಿನ ಅಕ್ಷರಗಳು ಹೋಗಿಯೇ ಹೋದವು. ಚಾವಣಿ ಬೀಳುವವರೆಗೆ ಕಾಯೋದು ಪುರಾತತ್ವದ ವಿಧಾನ ಅಲ್ಲ ಅಲ್ವಾ? ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತು ಚಾಲುಕ್ಯ ದೊರೆ ವಿಕ್ರಮಾದಿತ್ಯನನ್ನು ಹೊಗಳುವ ಸಾಲುಗಳನ್ನು ತಾನೇ ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಅಕ್ಷರ ಬರೆಯುವ ಹೆಣ್ಣನ್ನು ಕೆತ್ತಿಟ್ಟ ಊರಿನ ಮಕ್ಕಳು ಅವಳ 3ಡಿ ಪ್ರತಿಯನ್ನು ಶಾಲೆಯ ಸ್ಮಾರ್ಟ್ ಬೋರ್ಡಿನಲ್ಲಿ ತಿರುಗಿಸಿ ನೋಡಲಿ ಅನ್ನೋದು ದೊಡ್ಡ ಆಸೆಯೇನಲ್ಲ.

ಹಾಗಂತ ಎಲ್ಲವನ್ನೂ ಬಯಲಿಗಿಡಿ ಅನ್ನುತ್ತಿಲ್ಲ. ಬಿದ್ರಿ ಕೆಲಸದವರ ವಿಷಯದಲ್ಲಿ ಸ್ವಲ್ಪ ತಡೆಯಿರಿ. ಸತು, ತಾಮ್ರದ ಎರಕದ ಮೇಲೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡುವ ಕೆಲಸಕ್ಕೆ 2006ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ರಕ್ಷಣೆ ಕೊಡುವ ಭೌಗೋಳಿಕ ಗುರುತು, ಸಿಕ್ಕಿದೆ. ಆದರೆ ಅವರ ಮನೆತನದ ವಿನ್ಯಾಸಗಳನ್ನು ಸ್ಕ್ಯಾನ್ ಮಾಡಿ ಪುಕ್ಕಟೆ ಹಾಕಿದರೆ ಬಿದ್ರಿಯ ಗಂಧಗಾಳಿ ಇಲ್ಲದ ಯಂತ್ರವೊಂದು ಅದನ್ನೇ ಅಗ್ಗದ ತಟ್ಟೆಯ ಮೇಲೆ ಒತ್ತಿ ಮಾರುತ್ತೆ. ಅದು ಬದುಕಿರುವವರ ಅನ್ನ. ಯಾವುದನ್ನು ತೋರಿಸಬೇಕು ಅಂತ ಅವರೇ ಹೇಳಲಿ. ಮಠಗಳ ತಾಡೋಲೆ ಕಟ್ಟುಗಳಿಗೂ ಅಷ್ಟೇ, ಮೊದಲು ಮಠದವರನ್ನು ಕೇಳಿ. ವಚನಗಳ ವಿಷಯದಲ್ಲಿ ದಾರಿ ಆಗಲೇ ತೆರೆದಿದೆ. ಒಂದು ಪದ ಹಾಕಿದರೆ ಯಾವ ಶರಣರು ಅದನ್ನು ಎಲ್ಲಿ ಬಳಸಿದ್ದಾರೆ ಅಂತ ಜಾಲತಾಣದಲ್ಲೇ ಹುಡುಕಬಹುದು. ಮಾಡಿದವರು ಅದನ್ನು ಮುಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದಕ್ಕೇ ಅದು ಸಾಧ್ಯ ಆಯಿತು.

ದುಡ್ಡಿನ ಮಾತಿಗೆ ಬಂದರೆ, ಈಚಿನ ಬಜೆಟ್‌ಗಳಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆ ಆಗುತ್ತಿದೆ. ಅದರ ಮುಂದೆ ಶಾಸನಗಳ ಸ್ಕ್ಯಾನಿಂಗ್ ಖರ್ಚು ಲೆಕ್ಕಕ್ಕೇ ಇಲ್ಲ. ನಮ್ಮ ಡಿಗ್ರಿ ಕಾಲೇಜುಗಳ ಇತಿಹಾಸ, ಕನ್ನಡ ವಿಭಾಗದ ಹುಡುಗ ಹುಡುಗಿಯರಿಗೆ ತರಬೇತಿ ಕೊಡಿಸಿ, ತಿಂಗಳಿಗಿಷ್ಟು ಅಂತ ಕೊಟ್ಟು ಅವರವರ ತಾಲ್ಲೂಕಿಗೆ ಕಳಿಸಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದೊಳಗೆ ಸ್ಟ್ಯಾಂಡ್ ಇಟ್ಟು ಫೋಟೊ ತೆಗೆಯೋಕೂ ಅನುಮತಿ ಬೇಕು. ಆ ಪತ್ರ ನಿಮ್ಮ ಕಚೇರಿಯಿಂದ ಹೋದರೆ ಬೇಗ ಆಗುತ್ತೆ, ನಮ್ಮಿಂದ ಹೋದರೆ ಏನಾಗುತ್ತೆ ಅಂತ ನಿಮಗೂ ಗೊತ್ತು.

ಮುಂದಿನ ಕೆಡಿಪಿ (ಜಿಲ್ಲೆಯ ಕೆಲಸಗಳ ಪ್ರಗತಿ ಪರಿಶೀಲಿಸುವ) ಸಭೆಯಲ್ಲಿ ಅಧಿಕಾರಿಗಳನ್ನು ಇಷ್ಟು ಕೇಳಿ: ಜಿಲ್ಲೆಯ ಸ್ಮಾರಕಗಳ ಬಗ್ಗೆ ಇದುವರೆಗೆ ಸರ್ಕಾರದ ದುಡ್ಡಲ್ಲಿ ಏನೇನು ಸ್ಕ್ಯಾನ್ ಆಗಿದೆ, ಫೈಲುಗಳು ಈಗ ಯಾರ ಹತ್ರ ಇವೆ, ಔರಾದಿನ ಒಬ್ಬ ವಿದ್ಯಾರ್ಥಿನಿ ಅವನ್ನು ಮನೆಯಲ್ಲಿ ಕೂತು ಇಳಿಸಿಕೊಳ್ಳಬಹುದಾ? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ನಡಾವಳಿಯನ್ನು ಜಿಲ್ಲೆಯ ಜಾಲತಾಣದಲ್ಲಿ ಹಾಕಿಸಿ. ಕಾಯುತ್ತಿರುತ್ತೇವೆ.

ಇಂತಿ,
ಬೀದರ್‌ನ ಒಬ್ಬ ಮತದಾರ